ಒಂದೇ ರೆಕ್ಕೆ ಬಿಚ್ಚಿದ ಗುಬ್ಬಿ

ಗಾಜಣ್ಣ ಕನ್ನಡಕಕ್ಕೆ ಗಾಜು ಉಜ್ಜುವವನು. ಅಂಗಡಿಯ ಮುಂಭಾಗ ಅವನ ಅಕ್ಕನದು, ಹಿಂಭಾಗ ಅವನದು. ಮುಂದೆ ದೊಡ್ಡ ಕನ್ನಡಿ, ಗಿರಾಕಿಗಳ ಕುರ್ಚಿ, ಗೋಡೆ ತುಂಬ ಫ್ರೇಮುಗಳು. ಹಿಂದೆ ಒಂದೇ ಕಿಟಕಿ, ಸದಾ ನೀರು ತೊಟ್ಟಿಕ್ಕುವ ಉಜ್ಜುವ ಯಂತ್ರ, ಅದರ ಕೆಳಗೆ ಬಿಳಿ ಕೆಸರಿನ ಬಕೆಟ್ಟು, ಪಕ್ಕದ ಮೇಜಿನ ಮೇಲೆ ಹಳದಿಗಟ್ಟಿದ ಒಂದು ಕಂಪ್ಯೂಟರ್. ಎರಡು ಭಾಗಗಳ ನಡುವೆ ಬಟ್ಟೆಯ ಪರದೆ. ಗಾಜಣ್ಣನಿಗೆ ಗಿರಾಕಿಗಳ ಜೊತೆ ಮಾತಾಡುವುದೆಂದರೆ ಆಗದು. ಯಾರಾದರೂ ಪರದೆ ಸರಿಸಿ "ನನ್ನದು ಆಯ್ತಾ?" ಎಂದು ಕೇಳಿದರೆ ಸಾಕು, ಅವನ ಕಿವಿ ಕೆಂಪಾಗುತ್ತದೆ. ಹಾಗಾಗಿ ಅಕ್ಕ ಪರದೆಯ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂತಂತೆ ಕೂರುತ್ತಾಳೆ.

"ಒಳಗಿರೋದು ನನ್ನ ತಮ್ಮ. ಕಚ್ಚಲ್ಲ, ಆದ್ರೆ ಮಾತಾಡ್ಸಿದ್ರೆ ಹಿತ್ತಲ ಬಾಗಿಲಿಂದ ಓಡಿಹೋಗ್ತಾನೆ," ಎಂದು ಹೇಳಿ ಗಿರಾಕಿಗಳನ್ನು ನಗಿಸುತ್ತಾಳೆ.

ಆ ಹಳದಿ ಕಂಪ್ಯೂಟರ್ ಬಂದದ್ದು ಉಜ್ಜುವ ಯಂತ್ರದ ಜೊತೆಯಲ್ಲೇ. ಯಾವ ಗಾಜನ್ನು ಯಾವ ಆಕಾರಕ್ಕೆ ತರಬೇಕು ಎಂದು ಯಂತ್ರಕ್ಕೆ ಹೇಳುವುದು ಅದು. ಅದರೊಳಗಿರುವುದು ಎಲ್ಲರ ಮನೆಯಲ್ಲಿರುವಂಥ ಸಿಸ್ಟಂ ಅಲ್ಲ. ಒಂದು ಸಣ್ಣ ಕಂಪನಿ ಕೆಲವು ವರ್ಷ ಮಾಡಿ ಮಾರಿ, ಆಮೇಲೆ ಬಾಗಿಲು ಹಾಕಿಕೊಂಡು ಹೋಯಿತು. ಕಂಪ್ಯೂಟರ್ ಶುರುವಾಗುವಾಗ ಸ್ಕ್ರೀನಿನ ಮೂಲೆಯಲ್ಲಿ ಪುಟ್ಟ ಹಕ್ಕಿಯೊಂದು ಕಾಣಿಸುತ್ತದೆ. ಮೊದಲು ಕಣ್ಣು ಬಿಡುತ್ತದೆ. ಆಮೇಲೆ ಒಂದು ರೆಕ್ಕೆ ಬಿಚ್ಚುತ್ತದೆ, ಆಮೇಲೆ ಇನ್ನೊಂದು, ಕೊನೆಗೆ ಒಂದು ಜಿಗಿತ. ಜಿಗಿಯಿತೆಂದರೆ ಎಲ್ಲ ಸರಿಯಾಗಿದೆ ಎಂದರ್ಥ. ಆ ಸಿಸ್ಟಮ್ಮಿನ ನಿಜವಾದ ಹೆಸರನ್ನು ಈಗ ಯಾರೂ ಹೇಳುವುದಿಲ್ಲ. ಬಳಸುವವರೆಲ್ಲ ಅದನ್ನು ಗುಬ್ಬಿ ಎನ್ನುತ್ತಾರೆ.

ಬಳಸುವವರು ಇನ್ನೂ ಇದ್ದಾರೆ. ಗುಬ್ಬಿಯಿಂದ ನಡೆಯುವ ಯಂತ್ರಗಳನ್ನು ಒಂದು ಕಾಲದಲ್ಲಿ ಕೊಂಡವರು, ಯಂತ್ರ ಗಟ್ಟಿಯಾಗಿರುವಾಗ ಬಿಸಾಡಲು ಮನಸ್ಸು ಬಾರದವರು. ಅವರೆಲ್ಲ ಇಂಟರ್ನೆಟ್ಟಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಒಬ್ಬರ ಮುಖ ಒಬ್ಬರು ನೋಡಿಲ್ಲ, ಯಾರೂ ಸ್ವಂತ ಹೆಸರು ಹಾಕಿಕೊಂಡಿಲ್ಲ. ಗಡಿಯಾರ ರಿಪೇರಿ ಮಾಡುವವರು ಅಲ್ಲಿ ಗಡಿಯಾರದ ತಾತ. ಪ್ರಶ್ನೆಪತ್ರಿಕೆಗಳನ್ನು ಗುಬ್ಬಿಯಲ್ಲೇ ಟೈಪು ಮಾಡುತ್ತ ನಿವೃತ್ತರಾದವರು ಟೀಚರಮ್ಮ. ಯಂತ್ರದಲ್ಲಿ ಸ್ವೆಟರ್ ಹೆಣೆಯುವಾಕೆ ಹೆಣಿಗೆಯಮ್ಮ. ಗಾಜಣ್ಣ ಎಂಬ ಹೆಸರೂ ಅಲ್ಲಿಯೇ ಹುಟ್ಟಿದ್ದು. ಆಮೇಲೆ ಅದು ಅಕ್ಕನ ಬಾಯಿಗೆ ಹತ್ತಿತು, ಈಗ ಬೀದಿಯವರೂ ಹಾಗೇ ಕರೆಯುತ್ತಾರೆ.

ಗುಂಪಿನಲ್ಲಿ ನಡೆಯುವುದು ಬರೀ ಕಾಯಿಲೆ ಮತ್ತು ಮದ್ದಿನ ಮಾತು. ಒಬ್ಬರು "ನಮ್ಮ ಗುಬ್ಬಿ ಬೆಳಿಗ್ಗೆಯಿಂದ ಕಣ್ಣೇ ಬಿಡ್ತಿಲ್ಲ" ಎನ್ನುತ್ತಾರೆ. ಇನ್ನೊಬ್ಬರು "ಎಡಗಡೆ ತಂತಿ ಬಿಚ್ಚಿ, ತುದೀನ ಪೆನ್ಸಿಲ್ ರಬ್ಬರಿಂದ ಉಜ್ಜಿ, ಮತ್ತೆ ಹಾಕಿ" ಎನ್ನುತ್ತಾರೆ. "ಚಳಿಗೆ ಡಿಸ್ಕು ತಿರುಗ್ತಿಲ್ಲ" ಎಂದರೆ "ಸ್ವಲ್ಪ ಹೊತ್ತು ಬಿಸಿಲಿಗಿಡಿ, ನಿಮ್ಮ ಅಜ್ಜೀನ ಕೂರ್ಸೋ ಹಾಗೆ" ಎಂದು ಉತ್ತರ ಬರುತ್ತದೆ. ಪರದೆಯ ಹಿಂದೆ ಬಾಯಿ ಬಿಡದ ಗಾಜಣ್ಣ ಗುಂಪಿನಲ್ಲಿ ಬಾಯಿಬಡುಕ. ತಮಾಷೆ ಮಾಡುತ್ತಾನೆ, ಕಾಲೆಳೆಯುತ್ತಾನೆ, ಎಲ್ಲರಿಗಿಂತ ಮೊದಲು ಉತ್ತರ ಕೊಡುತ್ತಾನೆ. ಗುಂಪಿಗೆ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ: ತನ್ನ ಯಂತ್ರದ ಮೇಲೆ ತಾನೇ ಮಾಡಿ ನೋಡದ ಮದ್ದನ್ನು ಯಾರೂ ಇನ್ನೊಬ್ಬರಿಗೆ ಹೇಳಬಾರದು. ಕೇಳಿದ್ದು, ಊಹಿಸಿದ್ದು ನಡೆಯುವುದಿಲ್ಲ. ಉತ್ತರದ ಮೊದಲ ಸಾಲೇ "ನನ್ನ ಮೇಜಿನ ಮೇಲೆ ಆಯ್ತು" ಎಂದಿರಬೇಕು. ಗಾಜಣ್ಣ ಈ ಪದ್ಧತಿಯನ್ನು ಒಮ್ಮೆಯೂ ಮುರಿದವನಲ್ಲ. ಬೇರೆಯವರಿಗೆ ಬಂದ ಕಾಯಿಲೆಯನ್ನು ತನ್ನ ಗುಬ್ಬಿಗೂ ಬೇಕೆಂದೇ ಬರಿಸಿ, ವಾಸಿ ಮಾಡಿ, ಆಮೇಲೆ ಬರೆಯುತ್ತಿದ್ದ.

"ಊರವರ ಜ್ವರವನ್ನೆಲ್ಲ ತಂದು ನಮ್ಮ ಕಂಪ್ಯೂಟರಿಗೆ ಅಂಟಿಸ್ತೀಯಲ್ಲೋ," ಎಂದು ಅಕ್ಕ ಬೈಯುತ್ತಿದ್ದಳು. "ಒಂದಿನ ಅದು ಎದ್ದೇಳಲ್ಲ ನೋಡು."

ಅದು ಯಾವಾಗಲೂ ಎದ್ದೇಳುತ್ತಿತ್ತು. ಬೇರೆ ಕಡೆ ಏನಾಗಬಹುದು ಎಂಬ ಯೋಚನೆ ಅವನಿಗೂ ಬಂದಿರಲಿಲ್ಲ, ಅಕ್ಕನಿಗೂ ಬಂದಿರಲಿಲ್ಲ.

ಆ ದಿನ ಬೆಳಿಗ್ಗೆ ಗಾಜಣ್ಣ ಒಂದು ದಪ್ಪ ಗಾಜನ್ನು ಯಂತ್ರಕ್ಕೆ ಕೊಟ್ಟು ಫೋನು ನೋಡಿದ. ಹೆಣಿಗೆಯಮ್ಮ ಬರೆದಿದ್ದಳು.

"ನಮ್ಮ ಗುಬ್ಬಿ ಒಂದು ರೆಕ್ಕೆ ಬಿಚ್ಚಿ ನಿಂತುಬಿಟ್ಟಿದೆ. ಎರಡನೇದು ಬಿಚ್ಚೋದೇ ಇಲ್ಲ. ನಾನು ಇದಕ್ಕೆ ಹೊಸದಾಗಿ ಏನೂ ಹಾಕಿಲ್ಲ, ತಂದಾಗ ಹೇಗಿತ್ತೋ ಹಾಗೇ ಇದೆ. ನನ್ನ ಎಲ್ಲಾ ಡಿಸೈನೂ ಇದರೊಳಗೇ ಇವೆ, ಬೇರೆಲ್ಲೂ ಇಲ್ಲ. ಚಳಿಗಾಲದ ಆರ್ಡರು ಬಂದಿದೆ, ನಾನು ಮೊಟ್ಟಮೊದಲು ಮಾಡಿದ ಕೊಂಬೆ ಡಿಸೈನೇ ಬೇಕಂತೆ. ನಮ್ಮ ಹೆಂಗಸರೆಲ್ಲ ಕೈಕಟ್ಟಿ ಕೂತಿದ್ದಾರೆ. ಯಾರಾದ್ರೂ ದಾರಿ ತೋರ್ಸಿ. ಲೈಬ್ರರಿ ಕಂಪ್ಯೂಟರಲ್ಲಿ ಬರೀತಿದೀನಿ, ಹಿಂದೆ ಜನ ಕಾಯ್ತಿದಾರೆ."

ಒಂದು ರೆಕ್ಕೆಯ ಕಾಯಿಲೆ ಗಾಜಣ್ಣನಿಗೆ ಗೊತ್ತಿದ್ದದ್ದೇ. ಯಾವ ಫೈಲು ಡಿಸ್ಕಿನಲ್ಲಿ ಎಲ್ಲಿದೆ ಎಂಬುದಕ್ಕೆ ಗುಬ್ಬಿ ಒಂದು ಪಟ್ಟಿ ಇಟ್ಟುಕೊಂಡಿರುತ್ತದೆ. ಆ ಪಟ್ಟಿ ಕೆಟ್ಟರೆ ಎರಡನೇ ರೆಕ್ಕೆ ಬಿಚ್ಚುವುದಿಲ್ಲ. ಶುರುವಾಗುವಾಗ ಎರಡು ಕೀಲಿಗಳನ್ನು ಒಟ್ಟಿಗೆ ಒತ್ತಿ ಹಿಡಿದರೆ ಗುಬ್ಬಿ ಡಿಸ್ಕನ್ನೆಲ್ಲ ಮೊದಲಿಂದ ಓದಿ, ಹೊಸ ಪಟ್ಟಿ ಬರೆಯುತ್ತದೆ. ಓದುವಾಗ ಸ್ಕ್ರೀನಿನ ಹಕ್ಕಿ ಕತ್ತನ್ನು ಆಚೀಚೆ ತಿರುಗಿಸುತ್ತದೆ, ಬರೆಯುವಾಗ ಕಾಳು ಹೆಕ್ಕುತ್ತದೆ. ಯಂತ್ರದಲ್ಲಿದ್ದ ಗಾಜು ಮುಗಿದ ಮೇಲೆ ಅವನು ಒಂದು ಸಣ್ಣ ಡಿಸ್ಕು ಹಾಕಿ, ಅದರ ಪಟ್ಟಿಯನ್ನು ಬೇಕೆಂದೇ ಕೆಡಿಸಿ, ಕೀಲಿ ಒತ್ತಿ ಹಿಡಿದ. ಹಕ್ಕಿ ಕತ್ತು ತಿರುಗಿಸಿತು, ಕಾಳು ಹೆಕ್ಕಿತು, ಎರಡೂ ರೆಕ್ಕೆ ಬಿಚ್ಚಿ ಜಿಗಿಯಿತು.

"ನನ್ನ ಮೇಜಿನ ಮೇಲೆ ಆಯ್ತು," ಎಂದು ಬರೆದು, ಒಂದೊಂದೇ ಹೆಜ್ಜೆಯನ್ನು ವಿವರಿಸಿ, ಕೊನೆಯಲ್ಲಿ ಸೇರಿಸಿದ: "ನಿಮ್ಮದು ದೊಡ್ಡ ಡಿಸ್ಕು, ಓದೋಕೆ ಸಂಜೆ ತನಕ ಹಿಡೀಬಹುದು. ನಡುವೆ ಮುಟ್ಟಬೇಡಿ. ಹೆಂಗಸರಿಗೆಲ್ಲ ಟೀ ಕೊಡ್ಸಿ ಕೂತ್ಕೊಳ್ಳಿ."

"ಬದುಕಿಸಿದ್ರಿ ಗಾಜಣ್ಣ. ಈಗಲೇ ಹೋಗಿ ಮಾಡ್ತೀನಿ. ಏನಾಯ್ತೂಂತ ನಾಳೆ ಬಂದು ಹೇಳ್ತೀನಿ," ಎಂದು ಉತ್ತರ ಬಂತು.

ಗಾಜಣ್ಣ ಸಿಳ್ಳೆ ಹಾಕುತ್ತ ಉಜ್ಜುವ ಯಂತ್ರದ ನೀರು ಬದಲಿಸಿದ. ಅವನು ಸಿಳ್ಳೆ ಹಾಕಿದರೆ ಯಾರಿಗೋ ಎಲ್ಲೋ ಗುಬ್ಬಿ ಜಿಗಿದಿದೆ ಎಂದು ಅಕ್ಕನಿಗೆ ಗೊತ್ತಾಗುತ್ತದೆ.

ಮಧ್ಯಾಹ್ನ ಊಟದ ಡಬ್ಬಿ ತೊಳೆಯುತ್ತಿದ್ದಾಗ ಫೋನು ಸದ್ದು ಮಾಡಿತು. ಗಡಿಯಾರದ ತಾತ ಬರೆದಿದ್ದರು: "ಭೇಷ್ ಗಾಜಣ್ಣ. ನಾನು ರಿಪೇರಿ ಮಾಡಿಕೊಟ್ಟ ಪಟ್ಟಿ ಪ್ರೋಗ್ರಾಂ ಇಷ್ಟು ವರ್ಷ ಆದ್ಮೇಲೂ ಕೆಲಸಕ್ಕೆ ಬರ್ತಿದೆ ಅಂತ ನೋಡಿ ಹೊಟ್ಟೆ ತುಂಬ್ತು."

ಗಾಜಣ್ಣ ಡಬ್ಬಿಯನ್ನು ನಲ್ಲಿಯ ಕೆಳಗೆ ಹಾಗೇ ಬಿಟ್ಟ. ನೀರು ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಅವನಿಗೆ ಕಾಣಲಿಲ್ಲ.

ಅವನಿಗೆ ಮರೆತೇಹೋಗಿತ್ತು. ಗುಬ್ಬಿಯ ಜೊತೆ ಕಂಪನಿ ಕೊಟ್ಟಿದ್ದ ಮೂಲ ಪ್ರೋಗ್ರಾಮಿನಲ್ಲಿ ಒಂದು ಕೆಟ್ಟ ದೋಷವಿತ್ತು. ತುಂಬಿದ ಡಿಸ್ಕು ಸಿಕ್ಕರೆ ಅದು ಹೊಸ ಪಟ್ಟಿಯನ್ನು ಖಾಲಿ ಜಾಗ ಹುಡುಕಿ ಬರೆಯುವುದಿಲ್ಲ, ಡಿಸ್ಕಿನ ಶುರುವಿನಲ್ಲಿ ಏನಿದೆಯೋ ಅದರ ಮೇಲೆಯೇ ಬರೆಯುತ್ತದೆ. ತಾತ ಅದನ್ನು ತಿದ್ದಿ ಹಂಚಿದ್ದರು. ಗಾಜಣ್ಣ ತನ್ನ ಯಂತ್ರಕ್ಕೆ ಅದನ್ನು ಹಾಕಿಕೊಂಡು ಎಷ್ಟೋ ಕಾಲವಾಗಿತ್ತು. ಅದು ಅಲ್ಲಿದೆ ಎಂಬುದೇ ಮನಸ್ಸಿನಿಂದ ಜಾರಿಹೋಗಿತ್ತು. ಅವನು ಮಾಡಿ ನೋಡಿದ್ದು ತನ್ನ ಗುಬ್ಬಿಯ ಮೇಲೆ. ಹೆಣಿಗೆಯಮ್ಮನದು ತಂದಾಗ ಹೇಗಿತ್ತೋ ಹಾಗೇ ಇರುವ ಗುಬ್ಬಿ. ಅವಳು ಅದನ್ನು ಬರೆದೇ ತಿಳಿಸಿದ್ದಳು. ಡಿಸ್ಕಿನ ಶುರುವಿನಲ್ಲಿರುವುದು ಅವಳ ಮೊದಲ ಡಿಸೈನು.

"ಹೆಣಿಗೆಯಮ್ಮ, ಮಾಡಬೇಡಿ. ನಾನು ಹೇಳಿದ್ದು ತಪ್ಪು," ಎಂದು ಬರೆದ. ಮತ್ತೆ ಬರೆದ. ಅವಳು ನೋಡುವುದು ನಾಳೆ. ಇದನ್ನೂ ಅವಳೇ ಹೇಳಿದ್ದಳು.

ಅವನು ಕೂತ, ಎದ್ದ, ಕಿಟಕಿಯ ತನಕ ಹೋಗಿ ಬಂದ. ಒಂದು ಗಾಜನ್ನು ಯಂತ್ರಕ್ಕೆ ಕೊಟ್ಟ. ಅದು ಮುಗಿದು ಕೈಗೆ ಬಂದಾಗ ಬಲಗಣ್ಣಿನದನ್ನು ಎಡಗಣ್ಣಿನ ಆಕಾರಕ್ಕೆ ಉಜ್ಜಿದ್ದ. ಗಾಜು ಕೈಜಾರಿ ಬಿದ್ದು ಒಡೆದ ಸದ್ದಿಗೆ ಅಕ್ಕ ಪರದೆ ಸರಿಸಿ ಬಂದಳು.

"ಏನಾಯ್ತೋ? ಮುಖ ಯಾಕೆ ಹಿಂಗಾಗಿದೆ?"

ಅವನು ಹೇಳಿದ. ಗುಬ್ಬಿಯ ಒಳಗಿನ ವಿಷಯ ಅಕ್ಕನಿಗೆ ಪೂರ್ತಿ ತಿಳಿಯುವುದಿಲ್ಲ. ಆದರೂ ಕೇಳುತ್ತ ಹೋದಂತೆ ಅವಳ ಹುಬ್ಬು ಮೇಲೇರಿತು.

"ಅಂದ್ರೆ ಆಯಮ್ಮನ ಕನ್ನಡಕಾನ ನಿನ್ನ ಮೂಗಿನ ಮೇಲಿಟ್ಟು ನೋಡಿ, ಚೆನ್ನಾಗಿ ಕಾಣುತ್ತೆ ಅಂತ ಕೊಟ್ಟು ಕಳಿಸ್ದೆ."

"ಅಕ್ಕ, ಈಗ ಬೈಬೇಡ."

"ಬೈತಿಲ್ಲ. ಹೌದೋ ಅಲ್ವೋ ಹೇಳು."

"ಹೌದು."

"ಸರಿ. ಎಲ್ಲಿದೆ ಅವರ ಮನೆ?"

ಗಾಜಣ್ಣ ಅಕ್ಕನ ಮುಖ ನೋಡಿದ. ಎಷ್ಟೋ ವರ್ಷದಿಂದ ಹೆಣಿಗೆಯಮ್ಮನ ಜೊತೆ ಹರಟಿದ್ದ. ಅವಳ ಗುಬ್ಬಿಗೆ ಬಂದ ನೆಗಡಿ, ಕೆಮ್ಮು ಎಲ್ಲ ಅವನಿಗೆ ಗೊತ್ತು. ಅವಳು ಯಾರು, ಎಲ್ಲಿಯವಳು ಎಂಬುದು ಗೊತ್ತಿಲ್ಲ. ಯಾವುದೋ ದೂರದ ಜಾಗ ಎಂದುಕೊಂಡಿದ್ದ, ಅಷ್ಟೆ.

"ಇಷ್ಟು ವರ್ಷ ಏನು ಮಾತಾಡ್ಕೊಂಡ್ರೋ ನೀವು? ಬರೀ ತಂತಿ, ಡಿಸ್ಕು?"

ಗುಂಪಿನಲ್ಲಿ ಕೇಳಿದ. ಹೆಣಿಗೆಯಮ್ಮನ ಮನೆ ಯಾರಿಗಾದರೂ ಗೊತ್ತೆ? ಯಾರಿಗೂ ಗೊತ್ತಿರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಟೀಚರಮ್ಮ ಬರೆದರು. ಅವರಿಗೆ ಯಾವ ಮಾತೂ ಮರೆಯುವುದಿಲ್ಲ. "ಅವಳ ಡಿಸ್ಕಿಗೆ ಧೂಳು ಹೋಗಿತ್ತು, ನೆನಪಿದ್ಯಾ? ಎಷ್ಟು ಒರೆಸಿದ್ರೂ ಬಿಳೀ ಧೂಳು. ಗೋಡೆಯಾಚೆ ಹಿಟ್ಟಿನ ಗಿರಣಿ ಇದೆ ಅಂದಿದ್ಲು."

"ಮೇಜು ನಡುಗುತ್ತೆ ಅಂತಲೂ ಕೇಳಿದ್ಲು," ಎಂದು ತಾತ ಸೇರಿಸಿದರು. "ಗೂಡ್ಸ್ ರೈಲು ಹಿಂದಕ್ಕೆ ಬಂದು ಡಿಕ್ಕಿ ಹೊಡ್ದಾಗೆಲ್ಲ ಗುಬ್ಬಿ ಬೆಚ್ಚಿಬೀಳುತ್ತೆ ಅಂತ. ಮೇಜಿನ ಕಾಲಿಗೆ ರಬ್ಬರ್ ಕಟ್ಟೋಕೆ ನಾನೇ ಹೇಳಿದ್ದು."

ಗಿರಣಿ, ಗೂಡ್ಸ್ ರೈಲು. ಇಂಥ ಜಾಗ ಎಲ್ಲಿ ಬೇಕಾದರೂ ಇರಬಹುದು. ಗಾಜಣ್ಣ ಹಳೆಯ ಮಾತುಗಳನ್ನು ಬೆರಳಿನಿಂದ ಮೇಲೆ ತಳ್ಳುತ್ತ ಹೋದ. ಈ ಹೊತ್ತಿಗೆ ಅವಳು ಕೀಲಿ ಒತ್ತಿಯಾಗಿರುತ್ತದೆ, ಹಕ್ಕಿ ಕತ್ತು ತಿರುಗಿಸುತ್ತಿರುತ್ತದೆ. ಓದುವುದು ಮುಗಿಯುವ ತನಕ ಏನೂ ಹಾಳಾಗುವುದಿಲ್ಲ. ಕಾಳು ಹೆಕ್ಕಲು ಶುರು ಮಾಡಿದರೆ ಹಾಳು. ಹೀಗೆ ಲೆಕ್ಕ ಹಾಕುತ್ತ ಒಂದು ಕಡೆ ಬೆರಳು ನಿಂತಿತು. ಹಿಂದೊಮ್ಮೆ ಅವಳು ತಡವಾಗಿ ಉತ್ತರ ಕೊಟ್ಟು ಬರೆದಿದ್ದಳು: "ಕ್ಷಮಿಸಿ, ಸೇತುವೆ ಬಿರುಕು ಬಿಟ್ಟಿದೆ ಅಂತ ಮುಚ್ಚಿದ್ರು. ಲೈಬ್ರರಿ ಆಚೆ ದಡದಲ್ಲಿದೆ, ಹೋಗೋಕಾಗ್ಲಿಲ್ಲ."

"ಅಕ್ಕ," ಎಂದು ಕೂಗಿದ. "ಸೇತುವೆ ಮುಚ್ಚಿದಾಗ ನಮ್ಮ ಫ್ರೇಮಿನ ಪಾರ್ಸೆಲ್ಲು ನಿಂತುಹೋಗಿತ್ತಲ್ಲ, ಅದು ಯಾವಾಗ?"

ಅಕ್ಕ ಯೋಚಿಸಿ ಹೇಳಿದಳು. ಕಾಲ ಸರಿಯಾಗಿ ಹೊಂದಿತು. ಹೆಣಿಗೆಯಮ್ಮ ಇದ್ದದ್ದು ನದಿಯಾಚೆಯ ಪಕ್ಕದ ಊರಿನಲ್ಲಿ. ಬಸ್ಸಿನಲ್ಲಿ ಹೋದರೆ ಒಂದು ನಿದ್ದೆ ತೆಗೆಯುವಷ್ಟು ದೂರವೂ ಇಲ್ಲ.

ಅಕ್ಕ ಆಗಲೇ ಫೋನು ಎತ್ತಿಕೊಂಡು ಸೇತುವೆಯ ಈಚೆ ದಡದ ಲೈಬ್ರರಿಗೆ ಹಚ್ಚಿದ್ದಳು. "ಸ್ವೆಟರ್ ಮಾಡೋರು, ಬೆಳಿಗ್ಗೆ ನಿಮ್ಮ ಕಂಪ್ಯೂಟರಲ್ಲಿ ಕೂತಿದ್ರು… ಹೋಗಿಬಿಟ್ರಾ? ಅವರ ಫೋನ್ ನಂಬರ್ ಇದ್ಯಾ? ಇಲ್ವಾ. ಮನೆ ಎಲ್ಲಿ ಅಂತ… ಸೇತುವೆ ಆಚೆ, ರೈಲ್ವೆ ಯಾರ್ಡಿನ ಕಡೆಯಿಂದ ಬರ್ತಾರಾ? ಸರಿ ಸ್ವಾಮಿ, ಅಷ್ಟು ಸಾಕು."

ಫೋನು ಇಟ್ಟು ತಮ್ಮನ ಕಡೆ ತಿರುಗಿದಳು. "ಹೋಗು."

"ನಾನಾ?"

"ಮತ್ತೆ ನಾನು ಹೋಗಿ ಏನು ಹೇಳ್ಲಿ? ಗುಬ್ಬಿಗೆ ಕಾಳು ಹಾಕಬೇಡಿ ಅಂತ್ಲಾ?"

"ಯಾರನ್ನ ಕೇಳೋದು ಅಲ್ಲಿ? ನನಗೆ ಗೊತ್ತಿಲ್ಲದವರ ಮನೆ ಬಾಗಿಲು ತಟ್ಟಿ…"

"ತಟ್ಟೋದು ಕೈಯಿಂದ. ಕೇಳೋದು ಬಾಯಿಂದ. ಎರಡೂ ಇದೆ ನಿನಗೆ," ಎಂದಳು ಅಕ್ಕ. ಆಮೇಲೆ ಸ್ವಲ್ಪ ಮೆತ್ತಗಾಗಿ, "ಹೋಗೋ ರಾಜ. ಇಲ್ಲಿ ಕೂತಿದ್ರೆ ಇನ್ನೂ ನಾಲ್ಕು ಗಾಜು ಒಡೀತೀಯ," ಎಂದಳು.

ತಾತ ತಿದ್ದಿದ ಪ್ರೋಗ್ರಾಮನ್ನು ಒಂದು ಸಣ್ಣ ಡಿಸ್ಕಿಗೆ ಹಾಕಿ, ಗಾಜು ಒರೆಸುವ ಬಟ್ಟೆಯಲ್ಲಿ ಸುತ್ತಿ, ಅಂಗಿಯ ಜೇಬಿಗೆ ಸೇರಿಸಿ ಗಾಜಣ್ಣ ಹೊರಟ. ಗಾಜಿನ ಗೀರು ನೋಡುವ ಭೂತಗನ್ನಡಿ ಕೊರಳಲ್ಲೇ ನೇತಾಡುತ್ತಿತ್ತು. ಅದನ್ನು ತೆಗೆದಿಡುವುದೂ ನೆನಪಾಗಲಿಲ್ಲ.

ಬಸ್ಸಿನಲ್ಲಿ ಅವನಿಗೆ ಕೂರಲಾಗಲಿಲ್ಲ. ಸೀಟು ಖಾಲಿಯಿದ್ದರೂ ಬಾಗಿಲ ಹತ್ತಿರ ಕಂಬ ಹಿಡಿದು ನಿಂತ. ಕಂಡಕ್ಟರು ಎರಡು ಸಲ "ಕೂತ್ಕೊಳ್ಳಿ ಯಜಮಾನ್ರೇ" ಎಂದು, ಮೂರನೇ ಸಲ "ನಿಂತ್ರೆ ಬಸ್ಸು ಬೇಗ ಹೋಗಲ್ಲ" ಎಂದ. ಹಿಂದಿನ ಸೀಟಿನವರು ನಕ್ಕರು. ಗಾಜಣ್ಣನ ಕಿವಿ ಕೆಂಪಾಯಿತು. ಆದರೂ ಕೂರಲಿಲ್ಲ. ಜೇಬಿನ ಡಿಸ್ಕನ್ನು ಮುಟ್ಟಿ ನೋಡುವುದು, ಫೋನು ತೆಗೆಯುವುದು, ಮತ್ತೆ ಡಿಸ್ಕು ಮುಟ್ಟುವುದು, ಇದೇ ಕೆಲಸವಾಯಿತು.

ಫೋನಿನಲ್ಲಿ ತಾತ ಧೈರ್ಯ ಹೇಳುತ್ತಿದ್ದರು. "ದೊಡ್ಡ ಡಿಸ್ಕು, ಓದೋಕೆ ಹೊತ್ತು ಬೇಕು. ಗಾಬರಿ ಬೇಡ." ಸ್ವಲ್ಪ ಬಿಟ್ಟು, "ಆದ್ರೆ ಅವಳದು ವೇಗದ ಜಾತಿ ಡಿಸ್ಕಿದ್ರೆ ಹೇಳೋಕಾಗಲ್ಲ." ಇನ್ನೂ ಸ್ವಲ್ಪ ಬಿಟ್ಟು, "ಎಲ್ಲಿದೀಯ?"

"ತಾತ, ನೀವು ಸುಮ್ನಿದ್ರೆ ಅವನಿಗೆ ಹೆಚ್ಚು ಸಹಾಯ," ಎಂದು ಟೀಚರಮ್ಮ ಬರೆದರು.

ಸೇತುವೆಯ ಮೇಲೆ ಲಾರಿಯೊಂದು ಅಡ್ಡ ನಿಂತಿತ್ತು. ಡ್ರೈವರು ಎಂಜಿನ್ ಆರಿಸಿ ಕಾಲು ಚಾಚಿದ. ಗಾಜಣ್ಣ ಬಾಗಿಲು ತೆಗೆಸಿಕೊಂಡು ಇಳಿದು ನಡೆಯತೊಡಗಿದ. ನಡಿಗೆ ಓಟವಾಯಿತು. ಸೇತುವೆ ಮುಗಿಯುವ ಹೊತ್ತಿಗೆ ಅದೇ ಬಸ್ಸು ಹಾರನ್ ಬಾರಿಸುತ್ತ ಅವನನ್ನು ದಾಟಿ ಮುಂದೆ ಹೋಯಿತು. ಬಾಗಿಲಲ್ಲಿ ನಿಂತ ಕಂಡಕ್ಟರು ಎರಡೂ ಕೈ ಎತ್ತಿ ನಮಸ್ಕಾರ ಮಾಡಿದ.

ಯಾರ್ಡು ಹುಡುಕುವುದು ಕಷ್ಟವಾಗಲಿಲ್ಲ. ಹಳಿಗಳ ಪಕ್ಕ ಉದ್ದಕ್ಕೆ ತಗಡಿನ ಶೆಡ್ಡುಗಳ ಬೀದಿ. ಒಂದರಲ್ಲಿ ಬೆಸುಗೆ, ಒಂದರಲ್ಲಿ ಹಳೆಯ ಟೈರು. ಗಿರಣಿಯ ಸದ್ದನ್ನು ಕಿವಿಯಿಂದ ಹುಡುಕಿಕೊಂಡು ಹೋದ. ಬಾಗಿಲಲ್ಲಿ ರೆಪ್ಪೆಯ ತನಕ ಹಿಟ್ಟು ಮೆತ್ತಿಕೊಂಡ ದೊಡ್ಡ ಆಳೊಬ್ಬರು ಮೂಟೆ ಹೊಲಿಯುತ್ತಿದ್ದರು. ಗಿರಣಿಯವರೇ ಇರಬೇಕು. ಗಾಜಣ್ಣ ಎದುರು ನಿಂತು ಬಾಯಿ ತೆರೆದ.

"ಏನ್ ಬೇಕಪ್ಪ? ಗೋಧಿನಾ, ಜೋಳನಾ?"

"ಸ್ವೆಟರ್," ಎಂದ ಗಾಜಣ್ಣ.

"ಅದನ್ನ ನಾವು ಬೀಸಲ್ಲ," ಎಂದು ಗಿರಣಿಯವರು ನಕ್ಕು, ದಬ್ಬಳದ ತುದಿಯಿಂದ ಪಕ್ಕದ ಬಾಗಿಲು ತೋರಿಸಿದರು.

ಒಳಗೆ ಹೆಣೆಯುವ ಯಂತ್ರಗಳು ಸುಮ್ಮನೆ ನಿಂತಿದ್ದವು. ನೂಲಿನ ಉಂಡೆಗಳ ನಡುವೆ ಕೆಲವು ಹೆಂಗಸರು ಟೀ ಕುಡಿಯುತ್ತ ಕೂತಿದ್ದರು. ಮೂಲೆಯ ಮೇಜಿನ ಕಾಲುಗಳಿಗೆ ರಬ್ಬರ್ ಸುತ್ತಿತ್ತು. ಅದರ ಮುಂದೆ ಕುರ್ಚಿ ಹಾಕಿಕೊಂಡು ತೆಳ್ಳನೆಯ, ಎತ್ತರದ ಹೆಂಗಸೊಬ್ಬಳು ಸ್ಕ್ರೀನಿಗೆ ಕಣ್ಣು ನೆಟ್ಟಿದ್ದಳು.

"ಯಾರು?"

"ಗಾಜು," ಎಂದ. "ಗಾಜಣ್ಣ."

ಅವಳು ಎದ್ದುಬಿಟ್ಟಳು. "ನೀವಾ! ಇಲ್ಲಿಗೇ ಬಂದ್ರಾ? ನಾನು ನಿಮ್ಮನ್ನ ದಪ್ಪಗೆ, ಮೀಸೆ ಬಿಟ್ಕೊಂಡು ಜೋರಾಗಿ ನಗೋರು ಅಂತ ಅಂದ್ಕೊಂಡಿದ್ದೆ. ನೋಡ್ರೇ, ಇವರೇ ದಾರಿ ತೋರ್ಸಿದ್ದು." ಹೆಂಗಸರೆಲ್ಲ ತಿರುಗಿ ನೋಡಿದರು. "ಸರಿಯಾದ ಹೊತ್ತಿಗೆ ಬಂದ್ರಿ. ಇಷ್ಟೊತ್ತೂ ಕತ್ತು ತಿರುಗಿಸ್ತಿತ್ತು. ಈಗ ನೋಡಿ, ಕಾಳು ತಿನ್ನೋಕೆ ಶುರು ಮಾಡ್ತು!"

ಸ್ಕ್ರೀನಿನ ಮೂಲೆಯಲ್ಲಿ ಹಕ್ಕಿ ತಲೆ ಬಗ್ಗಿಸಿ ಹೆಕ್ಕುತ್ತಿತ್ತು.

"ಎಷ್ಟೊತ್ತಾಯ್ತು ಶುರುವಾಗಿ?"

"ಈಗ ತಾನೇ. ನೀವು ಬಾಗಿಲಲ್ಲಿ ನಿಂತ್ರಲ್ಲ, ಆಗ. ಯಾಕೆ?"

ಗಾಜಣ್ಣ ಹೇಳಿದ. ಅಷ್ಟು ಜನ ಗೊತ್ತಿಲ್ಲದವರ ಮುಂದೆ ಅವನು ಅಷ್ಟು ಉದ್ದ ಯಾವತ್ತೂ ಮಾತಾಡಿರಲಿಲ್ಲ. ತಾನು ಮಾಡಿ ನೋಡಿದ್ದು ತಿದ್ದಿದ ಗುಬ್ಬಿಯ ಮೇಲೆ, ಇದು ತಿದ್ದದ ಗುಬ್ಬಿ, ಇದು ಈಗ ಬರೆಯುತ್ತಿರುವುದು ಅವಳ ಮೊದಲ ಡಿಸೈನುಗಳ ಮೇಲೆ. ಹೇಳುತ್ತಿರುವಾಗಲೂ ಹಕ್ಕಿ ಹೆಕ್ಕುತ್ತಲೇ ಇತ್ತು. ಹೆಣಿಗೆಯಮ್ಮನ ಮುಖದ ನಗು ಇಳಿದುಹೋಯಿತು.

"ನಿಲ್ಲಿಸೋಕಾಗಲ್ವಾ?"

"ಪ್ಲಗ್ಗು ಕಿತ್ತರೆ ನಿಲ್ಲುತ್ತೆ."

"ಕಿತ್ತರೆ ಏನಾಗುತ್ತೆ?"

"ಗೊತ್ತಿಲ್ಲ. ನಡುವೆ ಕಿತ್ತು ನಾನು ಯಾವತ್ತೂ ನೋಡಿಲ್ಲ. ಡಿಸ್ಕೇ ಹೋದ್ರೂ ಹೋಗಬಹುದು."

"ಬಿಟ್ಟರೆ?"

"ಅದು ಗೊತ್ತು."

ಅವಳು ಅವನ ಮುಖವನ್ನೇ ನೋಡಿದಳು. ಹೊರಗೆ ಗೂಡ್ಸ್ ರೈಲಿನ ಡಬ್ಬಿಗಳು ಒಂದಕ್ಕೊಂದು ತಾಗಿ ಸದ್ದಾಯಿತು. ಅವಳು ಮೇಜಿನ ಕೆಳಗೆ ಬಗ್ಗಿ ಪ್ಲಗ್ಗನ್ನು ಕಿತ್ತಳು.

ಗಾಜಣ್ಣ ಜೇಬಿನಿಂದ ಡಿಸ್ಕು ತೆಗೆದ. ಅದಕ್ಕೆ ಸುತ್ತಿದ್ದ ಬಟ್ಟೆಯನ್ನು ಅವಳೇ ಬಿಚ್ಚಿಕೊಟ್ಟಳು. ಪ್ಲಗ್ಗು ಮತ್ತೆ ಹಾಕಿ, ಆ ಡಿಸ್ಕಿನಿಂದಲೇ ಕಂಪ್ಯೂಟರನ್ನು ಶುರು ಮಾಡಿ, ತಾತನ ಪ್ರೋಗ್ರಾಮಿಗೆ ಓದಲು ಬಿಟ್ಟ. ಹಕ್ಕಿ ಮತ್ತೆ ಕತ್ತು ತಿರುಗಿಸತೊಡಗಿತು. ಕಾಯುವುದಲ್ಲದೆ ಬೇರೆ ಕೆಲಸವಿರಲಿಲ್ಲ. ಯಾರೋ ಕೊಟ್ಟ ಟೀ ಅವನ ಕೈಯಲ್ಲೇ ಆರಿತು. ಅವನು ಯಂತ್ರಗಳ ಸಾಲಿನ ಈ ತುದಿಯಿಂದ ಆ ತುದಿಗೆ ನಡೆದ, ತಿರುಗಿದ, ಮತ್ತೆ ನಡೆದ. "ಅಣ್ಣ, ಕೂತ್ಕೊಳ್ಳಿ, ನೀವು ಓಡಾಡೋದು ನೋಡಿ ನಮಗೆ ತಲೆ ತಿರುಗ್ತಿದೆ," ಎಂದಳು ಒಬ್ಬ ಹೆಂಗಸು. ಹೆಣಿಗೆಯಮ್ಮ ಮಾತ್ರ ಅಲುಗಾಡಲಿಲ್ಲ.

ಬಿಸಿಲು ಬಾಗಿಲು ದಾಟಿ ಹೊರಗೆ ಹೋಗುವ ಹೊತ್ತಿಗೆ ಎರಡನೇ ರೆಕ್ಕೆ ಬಿಚ್ಚಿತು. ಹಕ್ಕಿ ಜಿಗಿಯಿತು. ಹೆಂಗಸರು ಚಪ್ಪಾಳೆ ತಟ್ಟಿದರು. ಹೆಣಿಗೆಯಮ್ಮ ತಟ್ಟಲಿಲ್ಲ, ಪಟ್ಟಿಯನ್ನು ಮೇಲಿಂದ ಕೆಳಗೆ ನೋಡುತ್ತ ಹೋದಳು. ಹೋದ ವರ್ಷದ್ದೆಲ್ಲ ಇತ್ತು. ಅದರ ಹಿಂದಿನ ವರ್ಷಗಳದ್ದೂ ಇತ್ತು. ಹಳೆಯದಕ್ಕೆ, ಇನ್ನೂ ಹಳೆಯದಕ್ಕೆ ಹೋದಳು. ಕೊನೆಯಲ್ಲಿ ನಿಂತಳು.

"ಕೊಂಬೆ ಇಲ್ಲ," ಎಂದಳು.

"ನನ್ನಿಂದ," ಎಂದ ಗಾಜಣ್ಣ.

"ಹೌದು," ಎಂದಳು ಅವಳು. ಪರವಾಗಿಲ್ಲ ಎಂದು ಹೇಳಲಿಲ್ಲ. ಉಳಿದದ್ದು ನಿಮ್ಮಿಂದಲೇ ಉಳಿಯಿತು ಎಂದೂ ಹೇಳಲಿಲ್ಲ. "ಆರ್ಡರು ಅದಕ್ಕೇ. ಅದನ್ನ ನಾನು ಮಾಡಿದಾಗ ಈ ಶೆಡ್ಡೂ ಇರ್ಲಿಲ್ಲ. ಎದೆಯ ಈ ಕಡೆಯಿಂದ ಭುಜದ ತನಕ ಒಂದು ಕೊಂಬೆ. ಒಂದು ಎಲೆ ಇದ್ದ ಹಾಗೆ ಇನ್ನೊಂದಿಲ್ಲ. ಈಗ ಮಾಡು ಅಂದ್ರೆ ನನಗೆ ಬರಲ್ಲ."

"ಯಾರ ಹತ್ರಾನೂ ಹಳೇ ಸ್ವೆಟರ್ ಇಲ್ವಾ?"

"ಎಲ್ಲಾ ಮಾರಿ ಎಷ್ಟು ಕಾಲವಾಯ್ತು…" ಎಂದು ಶುರು ಮಾಡಿದ ಅವಳು ಮಾತು ನಿಲ್ಲಿಸಿ ಗೋಡೆಯ ಕಡೆ ನೋಡಿದಳು. ಆಮೇಲೆ ಎದ್ದು ಬಾಗಿಲಿಗೆ ಹೋಗಿ ಕೂಗಿದಳು. "ಗಿರಣಿಯವ್ರೇ! ನಿಮ್ಮ ಮೈಮೇಲಿರೋದು ಯಾವ ಸ್ವೆಟರು?"

"ಯಾವುದೋ ಒಂದು," ಎಂದು ಆಚೆಯಿಂದ ದನಿ ಬಂತು. "ನೀವೇ ಕೊಟ್ಟಿದ್ದು. ಯಾಕೆ, ವಾಪಸ್ ಬೇಕಾ?"

ಗಿರಣಿಯವರು ಒಳಗೆ ಬಂದು ನಿಂತರು. ಹಿಟ್ಟು ಕೊಡವಿದಾಗ ಇಡೀ ಶೆಡ್ಡು ಬಿಳಿಯಾಯಿತು. ಹಿಟ್ಟಿನ ಕೆಳಗಿನಿಂದ ಬಣ್ಣ ಮಾಸಿದ ಕೊಂಬೆಯೊಂದು ಮೂಡಿತು. ಬಿಚ್ಚಿ ಕೊಡಿ ಎಂದರೆ ಒಳಗೆ ಬೇರೇನೂ ಹಾಕಿಲ್ಲ ಎಂದು ಅವರು ಒಪ್ಪಲಿಲ್ಲ. ಕೊನೆಗೆ ಸ್ಟೂಲಿನ ಮೇಲೆ ಎದೆ ಮುಂದೆ ಮಾಡಿ ಕೂತರು. ಗಾಜಣ್ಣ ಮೊಣಕಾಲೂರಿ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು, ಕೆಳಗಿನ ಸಾಲಿನಿಂದ ಒಂದೊಂದೇ ಕುಣಿಕೆಯನ್ನು ಓದತೊಡಗಿದ. "ಬಿಳಿ, ಬಿಳಿ, ಹಸಿರು, ಬಿಳಿ, ಹಸಿರು, ಹಸಿರು." ಹೆಣಿಗೆಯಮ್ಮ ಕೀಲಿ ಒತ್ತುತ್ತ ಹೋದಳು.

"ಕಚಗುಳಿ ಆಗುತ್ತೆ ಮಾರಾಯ."

"ಉಸಿರು ಬಿಡ್ಬೇಡಿ, ಸಾಲು ತಪ್ಪುತ್ತೆ," ಎಂದ ಗಾಜಣ್ಣ.

"ಎಷ್ಟೊತ್ತು?"

ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಎಲೆಗಳು ಸ್ಕ್ರೀನಿನ ಮೇಲೆ ಒಂದೊಂದಾಗಿ ಏರತೊಡಗಿದವು. ಭುಜದ ಕೆಳಗೆ ಬರುತ್ತಲೇ ಗಾಜಣ್ಣನ ದನಿ ನಿಂತಿತು. ಅಲ್ಲಿ ಅಂಗೈಯಗಲದ ತೇಪೆ ಇತ್ತು.

"ಮೂಟೆಯ ಕೊಕ್ಕೆ ಸಿಕ್ಕಿ ಹರಿದಿತ್ತು," ಎಂದರು ಗಿರಣಿಯವರು, ತಾವೇ ತಪ್ಪು ಮಾಡಿದವರ ಹಾಗೆ. "ನಾನೇ ಗೋಣಿದಾರದಲ್ಲಿ ಹೊಲ್ಕೊಂಡೆ."

"ಅಲ್ಲಿ ಏನಿತ್ತು?" ಎಂದು ಗಾಜಣ್ಣ ಕೇಳಿದ.

ಹೆಣಿಗೆಯಮ್ಮ ಬಗ್ಗಿ ನೋಡಿದಳು. "ಎಲೆ ಇರಬೇಕು."

"ಎಲೆ ಅಲ್ಲ, ಮೊಗ್ಗು," ಎಂದಳು ಒಬ್ಬ ಹೆಂಗಸು.

"ನೀನು ಆಗ ಇಲ್ಲಿ ಕೆಲಸಕ್ಕೇ ಬಂದಿರ್ಲಿಲ್ಲ, ಸುಮ್ನಿರು," ಎಂದಳು ಇನ್ನೊಬ್ಬಳು.

ಗಾಜಣ್ಣ ತೇಪೆಯ ಅಂಚನ್ನು ಉಗುರಿನಿಂದ ಮೆಲ್ಲಗೆ ಸರಿಸಿ ಕಣ್ಣಿಟ್ಟು ನೋಡಿದ. "ಇಲ್ಲಿ ಒಂದು ಕೆಂಪು ಕುಣಿಕೆ ಇದೆ. ಒಂದೇ."

"ಕೆಂಪಾ?" ಹೆಣಿಗೆಯಮ್ಮ ಅವನ ಕೈಯಿಂದ ಭೂತಗನ್ನಡಿ ಕಿತ್ತುಕೊಂಡು ತಾನೇ ನೋಡಿದಳು. ಬಹಳ ಹೊತ್ತು ನೋಡಿದಳು. "ನಾನು ಇದರಲ್ಲಿ ಕೆಂಪು ಹಾಕಿದ್ದೇ ನೆನಪಿಲ್ಲ. ಯಾಕೆ ಹಾಕ್ದೆ?"

ಗಾಜಣ್ಣ ಊಹಿಸಿ ಹೇಳಬಹುದಿತ್ತು, ಹಣ್ಣೋ ಹೂವೋ ಎಂದು. ಅವನು ಹೇಳಲಿಲ್ಲ.

ಅವಳು ಮೇಜಿಗೆ ಹೋಗಿ ತೇಪೆಯಷ್ಟು ಜಾಗವನ್ನು ಖಾಲಿ ಬಿಟ್ಟು, ಉಳಿದ ಸಾಲುಗಳನ್ನು ತುಂಬಿಸಿದಳು. ಆಮೇಲೆ ಹೆಂಗಸರ ಕಡೆ ತಿರುಗಿದಳು. "ಕೆಳಗಿನಿಂದ ಶುರು ಮಾಡ್ರೇ. ಯಂತ್ರ ಭುಜಕ್ಕೆ ಬರೋಕೆ ನಾಳೆ ಮಧ್ಯಾಹ್ನ ಆಗುತ್ತೆ. ಅಷ್ಟರೊಳಗೆ ನೆನಪು ಮಾಡ್ಕೋತೀನಿ."

"ಆಗ್ಲಿಲ್ಲ ಅಂದ್ರೆ?"

"ಶುರು ಮಾಡು ಅಂದೆ."

ಒಂದು ಯಂತ್ರ ಸದ್ದು ಮಾಡಿತು, ಆಮೇಲೆ ಅದರ ಪಕ್ಕದ್ದು. ಬಿಳಿಯ ಪಟ್ಟಿ ಸೂಜಿಗಳ ಕೆಳಗಿನಿಂದ ಸಾಲು ಸಾಲಾಗಿ ಇಳಿಯತೊಡಗಿತು. ಯಾರ್ಡಿನಾಚೆ ಕೊನೆಯ ಬಸ್ಸು ಹಾರನ್ ಬಾರಿಸಿತು. ಗಾಜಣ್ಣ ಬಾಗಿಲ ತನಕ ಹೋದವನು ಹಿಂದಕ್ಕೆ ಬಂದು ಮತ್ತೆ ಮೊಣಕಾಲೂರಿ ಕೂತ.

"ಅಯ್ಯೋ, ಇನ್ನೂ ಮುಗಿದಿಲ್ವಾ?" ಎಂದರು ಗಿರಣಿಯವರು.

"ಈ ಹೊಲಿಗೆ ಒಂದು ಬಿಚ್ಚಿ ನೋಡ್ಲಾ?" ಎಂದು ಗಾಜಣ್ಣ ಕೇಳಿದ. "ಕೆಳಗೆ ಇನ್ನೊಂದು ಎಳೆ ಇದ್ರೂ ಇರಬಹುದು."